ಮಸ್ಕತ್ತಿನಲ್ಲಿ ಬಿಡಿಸಿದ ಪುಟಗಳು

ಹೊಸಪೇಟೆ

ವಿದೇಶಕ್ಕೆ ಹೋಗಿ ಬಂದವರು ಅಲ್ಲಿ ಏನೇನು ನೋಡಿದೆವೆಂದು ಬರೆಯುತ್ತಾರೆ. ನಾನು ನೋಡಲು ಹೋದವಳಲ್ಲ, ತಮ್ಮನನ್ನು ಕರೆತರಲು ಹೋದವಳು. ಆದರೂ ಕೆಲವು ವಾರ ಅಲ್ಲಿದ್ದೆ, ಕಣ್ಣು ತೆರೆದೇ ಇತ್ತು. ಈ ಬರಹದಲ್ಲಿ ಮಸ್ಕತ್ತಿಗಿಂತ ನನ್ನ ತಮ್ಮನೇ ಹೆಚ್ಚು ಕಾಣಿಸಿದರೆ ಓದುವವರು ಸಹಿಸಿಕೊಳ್ಳಬೇಕು.

ತಮ್ಮನ ಹೆಸರು ಚನ್ನವೀರ. ಮನೆಯಲ್ಲಿ ಚನ್ನ. ಮೊದಲು ಸಂಡೂರಿನ ಗಣಿಯೊಂದರಲ್ಲಿ ಯಂತ್ರಗಳ ರಿಪೇರಿ ಮಾಡುತ್ತಿದ್ದ. ಗಣಿಗಳು ಒಂದರ ಹಿಂದೆ ಒಂದು ನಿಂತ ಕಾಲದಲ್ಲಿ ಅವನ ಕೆಲಸವೂ ಹೋಯಿತು. ಅವನ ಜೊತೆಯವರು ಕೆಲವರು ಗೋವಾಕ್ಕೆ ಹೋದರು, ಕೆಲವರು ಲಾರಿ ಮಾರಿ ಅಂಗಡಿ ಇಟ್ಟರು. ಇವನು ಮಸ್ಕತ್ತಿಗೆ ಹೋದ. ಅಲ್ಲಿ ದೊಡ್ಡ ಕಟ್ಟಡಗಳ ಪಂಪು, ಎ.ಸಿ. ನೋಡಿಕೊಳ್ಳುವ ಕಂಪನಿಯಲ್ಲಿ ಎಲೆಕ್ಟ್ರಿಷಿಯನ್ ಆದ. ಮದುವೆ ಆಗಲಿಲ್ಲ. ನಾವು ಹೆಣ್ಣು ತೋರಿಸಿದಾಗಲೆಲ್ಲ "ತಡಿ ಅಕ್ಕಾ, ನೋಡೂಣು" ಅನ್ನುತ್ತಲೇ ಐವತ್ತು ದಾಟಿದ.

ಒಂದು ಬೆಳಿಗ್ಗೆ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿರುವ ನಮ್ಮ ಮನೆಯಲ್ಲಿ ನಾನು ಅಕ್ಕಿ ಆರಿಸುತ್ತಿದ್ದಾಗ ಚನ್ನನ ನಂಬರಿನಿಂದ ಫೋನ್ ಬಂತು. ಮಾತಾಡಿದವನು ಚನ್ನನಲ್ಲ. ತನ್ನ ಹೆಸರು ನೆಸ್ಟರ್, ಫಿಲಿಪ್ಪೀನ್ಸ್ ದೇಶದವನು, ಚನ್ನನ ಕೋಣೆಯಲ್ಲೇ ಇರುವವನು ಎಂದು ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದ. ಚನ್ನನಿಗೆ ಲಕ್ವ ಹೊಡೆದಿದೆ, ಬಲಗಡೆ ಬಿದ್ದುಹೋಗಿದೆ, ಮಾತು ನಿಂತಿದೆ, ಜೀವಕ್ಕೆ ಅಪಾಯವಿಲ್ಲ. ವಿಮಾನ ಹತ್ತಬಹುದು ಎಂದು ಡಾಕ್ಟರು ಹೇಳಿದ ಕೂಡಲೇ ಕಂಪನಿ ಊರಿಗೆ ಕಳಿಸುತ್ತದೆ, ಜೊತೆಗೆ ಮನೆಯವರು ಯಾರಾದರೂ ಬರಬೇಕು.

ನಮ್ಮ ಯಜಮಾನರು ಟಿ.ಬಿ. ಡ್ಯಾಂನ ಕಾಲುವೆ ಆಫೀಸಿನಲ್ಲಿದ್ದು ರಿಟೈರ್ ಆದವರು. ಮೊಣಕಾಲು ನೋವಿನಿಂದ ಮೆಟ್ಟಿಲು ಇಳಿಯುವುದೂ ಕಷ್ಟ.

"ನಾ ಬಂದ್ರ ನಿನಗ ಇಬ್ಬರನ್ನ ಹಿಡಕೊಂಡು ನಡೆಸೋದಾಗ್ತೈತಿ," ಅಂದರು. "ನೀ ಹೋಗು. ನಿನಗ ಹಿಂದಿ ಬರ್ತೈತಿ. ಅಲ್ಲಿ ಎಲ್ರೂ ಹಿಂದಿ ಮಾತಾಡ್ತಾರಂತ ಚನ್ನ ಹೇಳ್ತಿದ್ದ."

"ಒಬ್ಬಾಕಿ ಹೆಂಗ ಹೋಗ್ಲಿ ರೀ?"

"ನಲವತ್ತು ಹುಡುಗ್ರನ್ನ ಬಸ್ಸಿನ್ಯಾಗ ಟೂರಿಗೆ ಕರ್ಕೊಂಡು ಹೋಗ್ತಿದ್ದಿ. ಈಗ ನೀ ಒಬ್ಬಾಕಿನ್ನ ಕರ್ಕೊಂಡು ಹೋಗಾಕ ಆಗಂಗಿಲ್ಲೇನು?"

ನಾನು ಹೈಸ್ಕೂಲಿನಲ್ಲಿ ಹಿಂದಿ ಮೇಡಂ ಆಗಿದ್ದವಳು. ಪಾಸ್‌ಪೋರ್ಟ್ ಇತ್ತು. ಚನ್ನನೇ ಕೆಲವು ವರ್ಷಗಳ ಹಿಂದೆ, ಅಕ್ಕ ಒಮ್ಮೆ ಬಂದು ಸಮುದ್ರ ನೋಡಬೇಕು ಎಂದು ಹಟ ಹಿಡಿದು ಮಾಡಿಸಿದ್ದ. ಅದರ ಹಾಳೆಗಳೆಲ್ಲ ಖಾಲಿ ಇದ್ದವು.

ಮಸ್ಕತ್

ನನ್ನ ಮೊದಲ ಪರದೇಶದ ಮಾತುಕತೆ ಚಟ್ನಿಪುಡಿಯ ಬಗ್ಗೆ ನಡೆಯಿತು. ಚನ್ನನಿಗೆಂದು ಗುರೆಳ್ಳು ಚಟ್ನಿ ಕುಟ್ಟಿ ಡಬ್ಬಿ ತುಂಬಿಸಿಕೊಂಡು ಹೋಗಿದ್ದೆ. ಆ ಕರಿ ಪುಡಿಯನ್ನು ನೋಡಿ ವಿಮಾನ ನಿಲ್ದಾಣದ ಅಧಿಕಾರಿಗೆ ಅನುಮಾನ ಬಂತು. ಬಿಳಿ ನಿಲುವಂಗಿ, ಕಸೂತಿಯ ಟೋಪಿ, ಗಂಭೀರ ಮುಖ. ಏನಿದು ಎಂದು ಕೇಳಿದ. ಗುರೆಳ್ಳಿಗೆ ಹಿಂದಿಯಲ್ಲಿ ಏನನ್ನುತ್ತಾರೋ ಅಷ್ಟು ವರ್ಷ ಹಿಂದಿ ಕಲಿಸಿದ ನನಗೇ ಹೊಳೆಯಲಿಲ್ಲ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ತೋರಿಸಿದೆ. ಅವನೂ ಬೆರಳ ತುದಿಯಲ್ಲಿ ನೆಕ್ಕಿ, ಕಣ್ಣಲ್ಲಿ ನೀರು ತಂದುಕೊಂಡು, ಹೋಗಿ ಎಂದು ಕೈ ಮಾಡಿದ.

ಹೊರಗೆ ಒಬ್ಬ ಗಿಡ್ಡನೆಯ, ನರೆಗೂದಲಿನ ಮನುಷ್ಯ ರಟ್ಟಿನ ಮೇಲೆ 'ಅಕ್ಕ' ಎಂದು ಕನ್ನಡದಲ್ಲಿ ಬರೆದು ಹಿಡಿದುಕೊಂಡಿದ್ದ. ಅದು ಬರೆದದ್ದಲ್ಲ, ಚಿತ್ರ ಬಿಡಿಸಿದ ಹಾಗೆ ಬಿಡಿಸಿದ್ದು. ಚನ್ನನ ಫೋನಿನಲ್ಲಿ ನನ್ನ ನಂಬರಿಗೆ ಇದ್ದ ಹೆಸರನ್ನು ನೋಡಿ ನೋಡಿ ಇಳಿಸಿದ್ದನಂತೆ. ಅವನೇ ನೆಸ್ಟರ್. ನನ್ನ ಚೀಲ ಕಸಿದುಕೊಂಡು "ಆತೆ, ಬನ್ನಿ" ಎಂದ.

ನನಗೆ ಅತ್ತೆ ಎಂದು ಕೇಳಿಸಿತು. ಕಂಡವರ ಮಗನಿಗೆ ನಾನು ಅತ್ತೆ ಹೇಗಾದೆ ಎಂದು ದಾರಿಯುದ್ದಕ್ಕೂ ಬಿಗುವಾಗಿಯೇ ಕೂತಿದ್ದೆ. ಅವರ ಮಾತಿನಲ್ಲಿ ಆತೆ ಎಂದರೆ ಅಕ್ಕ ಎಂದು ಮರುದಿನ ತಿಳಿಯಿತು. ಅವನ ಇಂಗ್ಲಿಷು, ನನ್ನ ಇಂಗ್ಲಿಷು ಎರಡೂ ಕುಂಟು. ಕುಂಟುತ್ತ ಆಡಿದ್ದನ್ನು ಇಲ್ಲಿ ನೆಟ್ಟಗಿನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಊರಿನ ಬೆನ್ನಿಗೆ ಬೆಟ್ಟಗಳು. ಹಂಪಿಯ ಕಲ್ಲುಬೆಟ್ಟಗಳಂತೆ ಗಿಡವಿಲ್ಲದವು, ಆದರೆ ಹಂಪಿಯಲ್ಲಿ ಗುಂಡುಗಳು ಒಂದರ ಮೇಲೊಂದು ಕೂತು ಮಾತಿಗಿಳಿದ ಹಾಗೆ ಕಾಣುತ್ತವೆ. ಇಲ್ಲಿ ಕಲ್ಲುಗಳೆಲ್ಲ ಚೂರುಚೂರಾಗಿ, ಯಾರ ಜೊತೆಗೂ ಯಾರೂ ಇಲ್ಲದಂತೆ ನಿಂತಿದ್ದವು. ಊರು ಮಾತ್ರ ಬೆಳ್ಳಗೆ ತೊಳೆದಿಟ್ಟಂತಿತ್ತು. ಸಂಡೂರಿನ ಕೆಂಪು ಧೂಳಿನಲ್ಲಿ ವರ್ಷಗಟ್ಟಲೆ ದುಡಿದವನಿಗೆ ಈ ಬಿಳುಪು ಹೇಗನ್ನಿಸಿತ್ತೋ ಕೇಳಬೇಕೆಂದುಕೊಂಡೆ. ಮರುಕ್ಷಣವೇ, ಇನ್ನು ಕೇಳಿದರೆ ಉತ್ತರ ಬರುವುದಿಲ್ಲವೆಂಬುದು ನೆನಪಾಯಿತು.

ಆಸ್ಪತ್ರೆಯಲ್ಲಿ ಚನ್ನ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದ. ಬಾಯಿಯ ಒಂದು ತುದಿ ಕೆಳಗೆ ಜಾರಿತ್ತು. ನನ್ನನ್ನು ನೋಡಿದ, ಗುರುತು ಹಿಡಿದ. ಎಡಗೈಯಿಂದ ನನ್ನ ಮಣಿಕಟ್ಟನ್ನು ಹಿಡಿದುಕೊಂಡು ಏನೋ ಹೇಳಲು ತುಂಬ ಹೊತ್ತು ತಿಣುಕಿದ. ಕೊನೆಗೆ ಒಂದೇ ಮಾತು ಬಂತು.

"ತಡಿ."

"ಇಲ್ಲೇ ಅದೀನಿ ತಮ್ಮಾ, ಎಲ್ಲಿಗೂ ಹೋಗಂಗಿಲ್ಲ," ಅಂದೆ.

"ತಡಿ," ಎಂದ ಮತ್ತೆ. ನೀರು ಬೇಕೇ ಎಂದರೂ ತಡಿ. ನೋವಾಗುತ್ತಿದೆಯೇ ಎಂದರೂ ತಡಿ. ಅವನಿಗೆ ನಾವು ಹೇಳಿದ್ದೆಲ್ಲ ಅರ್ಥವಾಗುತ್ತದೆ, ಆದರೆ ಒಳಗಿರುವ ಮಾತುಗಳಲ್ಲಿ ಈ ಒಂದಕ್ಕೆ ಮಾತ್ರ ಹೊರಗೆ ಬರಲು ದಾರಿ ಉಳಿದಿದೆ, ಓದುವುದೂ ಸದ್ಯಕ್ಕೆ ಆಗದು ಎಂದು ಡಾಕ್ಟರು ಹೇಳಿದರು. ಚನ್ನನೇ ತಾನಾಡಿದ ಮಾತು ಕೇಳಿ ಬೆಚ್ಚಿ, ತಲೆ ಅಲ್ಲಾಡಿಸಿ, ಗೋಡೆಯ ಕಡೆ ಹೊರಳಿದ. ನಾನು ಹೊರಗೆ ಹೋಗಿ ನೀರಿನ ಯಂತ್ರದ ಪಕ್ಕ ನಿಂತು ಅತ್ತೆ.

ರೂವಿ

ರೂವಿ ಎನ್ನುವುದು ಮಸ್ಕತ್ತಿನೊಳಗಿನ ನಮ್ಮ ಓಣಿ. ಮಲಯಾಳಿ ಹೋಟೆಲು, ಗುಜರಾತಿ ಬಟ್ಟೆ ಅಂಗಡಿ, ಬಂಗಾಳಿ ಕ್ಷೌರಿಕ. ಆಸ್ಪತ್ರೆಯಿಂದ ಬಿಟ್ಟ ಮೇಲೆ ಚನ್ನನನ್ನು ಅಲ್ಲಿನ ಕಂಪನಿ ಕಟ್ಟಡದ ಅವನ ಕೋಣೆಗೇ ಕರೆತಂದೆವು. ಪಕ್ಕದ ಖಾಲಿ ಕೋಣೆಯನ್ನು ನನಗೆ ಬಿಟ್ಟುಕೊಟ್ಟರು. ಅದು ಗಂಡಸರದೇ ಮಹಡಿ. ನಾನು ಬಂದ ಮರುದಿನದಿಂದ ಎಲ್ಲರೂ ಅಂಗಿ ತೊಟ್ಟುಕೊಂಡೇ ಓಡಾಡತೊಡಗಿದರು. ಜೋರಾಗಿ ಹಾಡು ಹಾಕುತ್ತಿದ್ದವನು ನಿಲ್ಲಿಸಿದ. ಯಾರೂ ಅವರಿಗೆ ಹೇಳಿದ್ದಲ್ಲ.

ಚನ್ನನ ಕೋಣೆಯಲ್ಲಿ ಎರಡು ಮಂಚ, ನಡುವೆ ಗಾಜು ಹೊದಿಸಿದ ಒಂದು ಮೇಜು. ಮೇಜಿನ ಮೇಲೆ ತೆಳ್ಳನೆಯ ಬ್ರಶ್ಶುಗಳು, ಚಿಮಟ, ಹೀರುಕಾಗದ, ಈರುಳ್ಳಿ ಪೊರೆಗಿಂತ ತೆಳುವಾದ ಜಪಾನಿ ಕಾಗದದ ಸುರುಳಿ, ಗೋಧಿ ಹಿಟ್ಟಿನ ಅಂಟು ಕಾಸುವ ಪುಟ್ಟ ಬಟ್ಟಲು. ಗೋಡೆಯ ಹತ್ತಿರ ಒಂದು ಪೆಟ್ಟಿಗೆ. ಪೆಟ್ಟಿಗೆ ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ಕಂಪ್ಲಿಯ ನಮ್ಮ ತವರುಮನೆಯ ಟ್ರಂಕು ಅದು.

ನಮ್ಮಪ್ಪ ಕಂಪ್ಲಿಯಲ್ಲಿ ಅಕ್ಕಿ ಗಿರಣಿಯ ಫಿಟ್ಟರ್. ಬಿಡಿ ಭಾಗ ತರಲು ಹೊಸಪೇಟೆಗೆ ಹೋದಾಗಲೆಲ್ಲ ಬಸ್ ನಿಲ್ದಾಣದ ಅಂಗಡಿಯಿಂದ ನಮಗೊಂದು ಚಿತ್ರಕಥೆ ಪುಸ್ತಕ ತರುತ್ತಿದ್ದ. ಬೇಟೆಗಾರರು, ರಾಜಕುಮಾರಿಯರು, ಒಂದು ಮಾತಾಡುವ ಕುದುರೆ. ಆ ಕುದುರೆಯ ಪುಸ್ತಕಕ್ಕೆ ನಾವಿಬ್ಬರೂ ಎಷ್ಟು ಜಗಳಾಡುತ್ತಿದ್ದೆವೆಂದರೆ ಅಪ್ಪ ಅದನ್ನು ಎರಡು ಪ್ರತಿ ತಂದುಕೊಟ್ಟಿದ್ದ. ಒಂದು ವರ್ಷ ಡ್ಯಾಂ ತುಂಬಿ ಗೇಟು ತೆಗೆದಾಗ ಕೋಟೆಯ ಕಡೆಯ ನಮ್ಮ ಮನೆಗೆ ಹೊಳೆಯ ನೀರು ನುಗ್ಗಿತು. ಟ್ರಂಕು ಕೆಸರಿನಲ್ಲಿ ಮುಳುಗಿ ಎದ್ದಿತು. ಅಪ್ಪ ಪುಸ್ತಕಗಳನ್ನೆಲ್ಲ ಮಾಳಿಗೆಯ ಮೇಲೆ ಬಿಸಿಲಿಗೆ ಒಣಗಿಸಿದ. ಒಣಗಿದವು, ಆದರೆ ಒಂದಕ್ಕೊಂದು ಅಂಟಿ ಇಟ್ಟಿಗೆಗಳಾಗಿಬಿಟ್ಟವು. ಅವನ್ನು ತಿಪ್ಪೆಗೆ ಹಾಕಿರಬೇಕೆಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಚನ್ನ ಅವನ್ನು ಕಡಲಾಚೆಗೆ ಹೊತ್ತುಕೊಂಡು ಬಂದಿದ್ದ.

ಅಂಟಿದ ಪುಟ ಬಿಡಿಸುವುದನ್ನು ಅವನಿಗೆ ಕಲಿಸಿದವನು ನೆಸ್ಟರ್. ಅವನು ಚಿಕ್ಕಂದಿನಲ್ಲಿ ತನ್ನೂರಿನ ಹಳೇ ಚಿತ್ರಕಥೆ ಪುಸ್ತಕದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಪುಸ್ತಕವನ್ನು ಒದ್ದೆ ಹೀರುಕಾಗದದ ಜೊತೆ ಮುಚ್ಚಿದ ಡಬ್ಬಿಯಲ್ಲಿಟ್ಟರೆ ಕಾಗದ ನಿಧಾನಕ್ಕೆ ತೇವ ಕುಡಿಯುತ್ತದೆ. ಆಗ ತೆಳ್ಳನೆಯ ಪಟ್ಟಿ ತೂರಿಸಿ ಪುಟ ಬಿಡಿಸಬೇಕು, ಹರಿದಲ್ಲಿ ಜಪಾನಿ ಕಾಗದದ ತೇಪೆ ಹಾಕಬೇಕು, ಭಾರ ಹೇರಿ ಒಣಗಿಸಬೇಕು. ಬಣ್ಣ ಹೋದಲ್ಲಿ ಬಣ್ಣ ಹಚ್ಚಬಾರದು. ಹಚ್ಚಿದರೆ ಅದು ಮೋಸ, ನೋಡುವವರಿಗೆ ಗೊತ್ತಾಗುತ್ತದೆ. ಕೊನೆಗೆ ಪ್ರತಿ ಪುಸ್ತಕಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ. ಹತ್ತು ಎಂದರೆ ಈಗ ತಾನೇ ಮುದ್ರಣವಾಗಿ ಬಂದದ್ದು, ಅರ್ಧ ಎಂದರೆ ಹೆಸರಿಗೆ ಮಾತ್ರ ಪುಸ್ತಕ. ಬೆನ್ನಿನ ಸುಕ್ಕು, ಪಿನ್ನಿನ ತುಕ್ಕು, ಹಾಳೆಯ ಬಣ್ಣ, ಎಲ್ಲಕ್ಕೂ ಅಂಕ ಕಡಿತ.

ಅಂಕ ಕೊಡುವ ಈ ಚಟ ನೆಸ್ಟರನಿಗೆ ಎಲ್ಲದರಲ್ಲೂ ಅಂಟಿತ್ತು. ನನ್ನ ಚಹಾಕ್ಕೆ ಎಂಟು ಕೊಟ್ಟ. ಗುರೆಳ್ಳು ಚಟ್ನಿಗೆ ಒಂಬತ್ತು ಕೊಟ್ಟು, ಮರುದಿನ ಹೊಟ್ಟೆ ಕೆಟ್ಟ ಮೇಲೆ ಆರಕ್ಕೆ ಇಳಿಸಿದ. ಅಂದಂದಿನ ದಿನಕ್ಕೂ ಒಂದು ಅಂಕ ಇರುತ್ತಿತ್ತು.

ಚನ್ನ ಉಣ್ಣುತ್ತಿರಲಿಲ್ಲ. ಎರಡು ತುತ್ತಿಗೇ ಮುಖ ತಿರುವುತ್ತಿದ್ದ. ಒಂದು ಮಧ್ಯಾಹ್ನ ಅವನ ಮನಸ್ಸು ಬೇರೆ ಕಡೆ ತಿರುಗಲೆಂದು ನೆಸ್ಟರ್ ರಿಪೇರಿಯಾದ ಪುಸ್ತಕಗಳನ್ನು ಒಂದೊಂದಾಗಿ ನನಗೆ ತೋರಿಸಿದ. ಮಾತಾಡುವ ಕುದುರೆಯ ಪುಸ್ತಕ ಬಂದಾಗ ಇಂಗ್ಲಿಷಿನಲ್ಲಿ, "ಇದು ಮದುವೆಯಾಗಿದೆ, ಚನ್ನನೇ ಮಾಡಿಕೊಂಡದ್ದು," ಎಂದ.

ನಾನು ಚನ್ನನ ಕಡೆ ತಿರುಗಿದೆ. "ಯಾವಾಗ್ಲೇ ಆಗೀದಿ? ನಮಗ ಒಂದು ಮಾತು ಹೇಳಬೇಕನ್ನಿಸಲಿಲ್ಲೇನು? ಯಾರಾಕಿ ಆಕಿ?"

ನೆಸ್ಟರ್ ಗಾಬರಿಯಾಗಿ ಎರಡೂ ಕೈ ಬೀಸಿದ. ಮದುವೆ ಎಂದರೆ ಅವರ ಕಸುಬಿನ ಮಾತಂತೆ. ಒಂದು ಪ್ರತಿಯಲ್ಲಿ ಪುಟ ಹೋಗಿದ್ದರೆ ಅದೇ ಪುಸ್ತಕದ ಇನ್ನೊಂದು ಪ್ರತಿಯಿಂದ ತೆಗೆದು ಸೇರಿಸುವುದು. ಅಂಥದಕ್ಕೆ ಅಂಕ ಕಮ್ಮಿ. "ಇವನ ಪ್ರತಿಯಲ್ಲಿ ನಡುವಿನ ಹಾಳೆಗಳು ಪುಡಿಯಾಗಿದ್ದವು. ಇನ್ನೊಂದು ಪ್ರತಿಯಲ್ಲಿ ನಡು ಮಾತ್ರ ಚೆನ್ನಾಗಿತ್ತು. ಅದು ಅಕ್ಕನದು ಎಂದಿದ್ದ. ಎರಡೂ ಕೂಡಿ ಒಂದಾಯಿತು."

ಆಗ ಗರಗರ ಸದ್ದೊಂದು ಕೇಳಿಸಿತು. ಚನ್ನ ನಗುತ್ತಿದ್ದ. ಅರ್ಧ ಮುಖವಷ್ಟೇ ನಗುತ್ತಿತ್ತು. ನನ್ನ ಬೈಗುಳ ನೆನೆದು ನೆನೆದು ನಕ್ಕು, ಕೆಮ್ಮಿ, ಕಣ್ಣೊರೆಸಿಕೊಂಡ. ಅವತ್ತು ಒಂದು ಬಟ್ಟಲು ಗಂಜಿ ಪೂರ್ತಿ ಕುಡಿದ.

ನಿಜ್ವಾ

ಹೋಗುವ ಮುನ್ನ ಚನ್ನನಿಗೆ ಹೊರಗಿನ ಗಾಳಿ ಸಿಗಲೆಂದು ಒಂದು ಶುಕ್ರವಾರ ನೆಸ್ಟರ್ ಕಂಪನಿಯ ವ್ಯಾನು ಕೇಳಿ ತಂದ. ನಿಜ್ವಾ ಒಳನಾಡಿನ ಹಳೇ ಊರು, ದೊಡ್ಡ ಕೋಟೆ ಇದೆ. ಕೋಟೆಗಳು ನಮಗೆ ಹೊಸದಲ್ಲ. ನನ್ನನ್ನು ನಿಲ್ಲಿಸಿದ್ದು ಊರಾಚೆಯ ನೀರು. ಬೆಟ್ಟದ ಬುಡದಿಂದ ಕಲ್ಲುಗಾಲುವೆಯಲ್ಲಿ ಬಂದು ಖರ್ಜೂರದ ತೋಟಗಳಿಗೆ ಹಂಚಿಹೋಗುವ ನೀರು. ಅದಕ್ಕೆ ಫಲಜ್ ಎನ್ನುತ್ತಾರೆ. ಹಂಪಿಯ ಬಾಳೆತೋಟಗಳ ನಡುವೆ ಹರಿಯುವ ಹಳೇ ಕಾಲುವೆಯ ತಂಗಿಯಂತಿತ್ತು. ಅದೇ ಸಪೂರ, ಅದೇ ಅವಸರವಿಲ್ಲದ ನಡಿಗೆ.

ದಡದಲ್ಲಿ ಚಾಪೆ ಹಾಸಿ ಕೂತಿದ್ದ ಮುದುಕರೊಬ್ಬರು ಗಾಲಿಕುರ್ಚಿಯಲ್ಲಿದ್ದ ಚನ್ನನನ್ನು ನೋಡಿ ನಮ್ಮನ್ನು ಕರೆದು ಕೂರಿಸಿಕೊಂಡರು. ಅವರಿಗೆ ಸ್ವಲ್ಪ ಹಿಂದಿ ಬರುತ್ತಿತ್ತು. ಹಿಡಿಕೆಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಏಲಕ್ಕಿ ಹಾಕಿದ ಕಹಿ ಕಾಫಿ ಕೊಟ್ಟರು. ಕುಡಿದೆ. ಮತ್ತೆ ಸುರಿದರು. ಹಿರಿಯರು ಕೊಟ್ಟದ್ದನ್ನು ಬೇಡ ಎನ್ನಬಾರದೆಂದು ಮತ್ತೆ ಕುಡಿದೆ. ಮತ್ತೆ ಸುರಿದರು. ನನ್ನ ಎದೆ ಡೋಲಿನಂತೆ ಬಡಿದುಕೊಳ್ಳತೊಡಗಿದ ಮೇಲೆ ನೆಸ್ಟರ್ ಪಿಸುಗುಟ್ಟಿದ, "ಆತೆ, ಬಟ್ಟಲನ್ನು ಅಲ್ಲಾಡಿಸಿ ಕೊಡಬೇಕು. ಇಲ್ಲದಿದ್ದರೆ ಅವರು ನಿಲ್ಲಿಸುವುದಿಲ್ಲ." ಅಲ್ಲಾಡಿಸಿದೆ. ಮುದುಕರು ನಕ್ಕು ಬಟ್ಟಲು ತೆಗೆದುಕೊಂಡರು. ನಮ್ಮಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತೇವೆ, ಅಷ್ಟೇ.

ನೀರು ಯಾರದು ಎಂದು ಕೇಳಿದೆ. ಎಲ್ಲರದು, ಸರದಿಯ ಮೇಲೆ, ಎಂದರು. ಮನೆಯಲ್ಲಿ ಕಾಲುವೆ ಆಫೀಸಿನವರಿರುವುದರಿಂದ ಬಾಯಿ ತಡೆಯಲಾಗಲಿಲ್ಲ. "ಜಗಳ ಆಗುವುದಿಲ್ಲವೇ?"

"ನೀರಿರುವಲ್ಲಿ ಜಗಳ ಆಗದೆ ಇರುತ್ತದೆಯೇ ತಾಯಿ," ಎಂದರು.

ಚನ್ನ ಕುರ್ಚಿಯಿಂದ ಬಾಗಿ ಎಡಗೈಯನ್ನು ನೀರಿಗಿಳಿಸಿದ. ಬಹಳ ಹೊತ್ತು ಹಾಗೇ ಇದ್ದ. ಮುದುಕರು ಎದ್ದು ಬಂದು ಅವನ ಬಿದ್ದುಹೋದ ಬಲಗೈಯನ್ನೂ ಮೆಲ್ಲಗೆ ಎತ್ತಿ ನೀರಿನಲ್ಲಿ ಇಟ್ಟರು. ಚನ್ನ ಅವರ ಮುಖವನ್ನೇ ನೋಡಿದ. ಆ ಕೈಗೆ ನೀರಿನ ತಂಪು ತಿಳಿಯುತ್ತಿಲ್ಲವೆಂದು ಅವನ ಕಣ್ಣಿನಿಂದ ನನಗೆ ಗೊತ್ತಾಯಿತು. ಮುದುಕರಿಗೂ ಗೊತ್ತಾಗಿರಬೇಕು. ಆದರೂ ಅವರು ಕೈ ತೆಗೆಯಲಿಲ್ಲ.

ರೂವಿಗೆ ಮರಳಿದ ಕೂಡಲೇ ಚನ್ನ ಟ್ರಂಕಿನ ಕಡೆ ಕೈ ತೋರಿಸಿದ. ನೆಸ್ಟರ್ ಪುಸ್ತಕ ಕೊಡಹೋದರೆ ಬೇಡವೆಂದು ತಲೆ ಅಲ್ಲಾಡಿಸಿದ. ತಳದಲ್ಲಿ ಬಟ್ಟೆ ಸುತ್ತಿಟ್ಟ ಒಂದು ಗಂಟಿತ್ತು. ಅದು ಬೇಕಾಗಿತ್ತು ಅವನಿಗೆ. ನೆಸ್ಟರ್ ನನ್ನ ಕಡೆ ತಿರುಗಿ, "ಇದು ಕೊನೆಯ ಇಟ್ಟಿಗೆ," ಎಂದ. ಎಲ್ಲಕ್ಕಿಂತ ದಪ್ಪನೆಯದು, ಎಲ್ಲಕ್ಕಿಂತ ಕೆಟ್ಟದ್ದು. ಕೈ ಇನ್ನೂ ಪಳಗಲಿ, ಆಮೇಲೆ ಬಿಡಿಸೋಣ ಎಂದು ಚನ್ನ ವರ್ಷಗಳಿಂದ ಮುಂದಕ್ಕೆ ಹಾಕುತ್ತ ಬಂದಿದ್ದನಂತೆ.

ಮತ್ತೆ ರೂವಿ

ಇಟ್ಟಿಗೆಯನ್ನು ತೇವದ ಡಬ್ಬಿಗಿಟ್ಟೆವು. ಡಾಕ್ಟರ ಒಪ್ಪಿಗೆ ಬಂದಿತ್ತು, ಟಿಕೇಟೂ ಆಗಿತ್ತು. ಹೊರಡುವುದರೊಳಗೆ ಇದು ಮುಗಿಯಬೇಕಿತ್ತು. ಇಂಥ ಕೆಲಸಕ್ಕೆ ಅವಸರ ಕೂಡದೆಂದು ನೆಸ್ಟರ್ ಗೊಣಗಿದ. ಚನ್ನ ಕೇಳಲಿಲ್ಲ.

ಬಿಡಿಸಿದ್ದು ನಾನು. ನೆಸ್ಟರನ ಬೆರಳು ದಪ್ಪ, ಇಂಥ ಮೆತ್ತಗಿನ ಕೆಲಸವನ್ನೆಲ್ಲ ಚನ್ನನೇ ಮಾಡುತ್ತಿದ್ದನಂತೆ. ಈಗ ಚನ್ನ ಪಕ್ಕದಲ್ಲಿ ಕೂತು ಎಡಗೈಯಿಂದ ನನ್ನ ಮೊಣಕೈಯನ್ನು ಹಿಡಿದುಕೊಂಡ. ನಾನು ಪಟ್ಟಿ ತೂರಿಸುತ್ತಿದ್ದೆ. ಸ್ವಲ್ಪ ಜೋರಾದರೆ "ತಡಿ" ಎನ್ನುತ್ತಿದ್ದ, ಮೊಣಕೈ ಹಿಂದಕ್ಕೆಳೆಯುತ್ತಿದ್ದ. ಲಕ್ವ ಹೊಡೆದ ಮೇಲೆ ಮೊದಲ ಸಲ ಆ ಮಾತಿಗೆ ಅದರ ಅರ್ಥವೇ ಇತ್ತು.

ಮೇಲಿನ ಪುಸ್ತಕ ಬಿಟ್ಟುಕೊಂಡಿತು. ಒಳಗೆ ಚಿತ್ರಗಳಿರಲಿಲ್ಲ. ಶಾಯಿಯೆಲ್ಲ ಎದುರು ಪುಟಕ್ಕೆ ಅಂಟಿ, ಅಕ್ಷರಗಳು ಕನ್ನಡಿಯೊಳಗಿನಂತೆ ತಿರುವುಮುರುವಾಗಿದ್ದವು. ನಾನು ಗೋಡೆಯಲ್ಲಿದ್ದ ಕ್ಷೌರದ ಕನ್ನಡಿ ತಂದು ಹಿಡಿದು ಓದಿದೆ. ಬೇಟೆಗಾರನೊಬ್ಬ ಹೆಂಡತಿಗೆ, ಸಂಜೆಯೊಳಗೆ ಬರುತ್ತೇನೆ, ಬಾಗಿಲು ಹಾಕಿಕೋ ಎನ್ನುತ್ತಿದ್ದ. ಅದರ ಮುಂದಿನ ಮಾತು ಉಳಿದಿರಲಿಲ್ಲ. ಚನ್ನ ಕಣ್ಣು ಮುಚ್ಚಿ ಕೇಳಿದ. ಮುಂದಿನದೂ ಹೀಗೇ. ಅದರಾಚೆಗೆ ಪುಟಗಳೇ ಇಲ್ಲ, ಬೂಜು ತಿಂದು ಉಳಿದ ಕಂದು ತೌಡು. ಪಟ್ಟಿ ತಾಗಿದರೆ ಉದುರುತ್ತಿತ್ತು. ನಡುವಿನಲ್ಲಾದರೂ ಒಂದು ಉಳಿದಿರಬಹುದೆಂದು ಮರುದಿನವೂ ಕೂತೆವು. ಅಪ್ಪನ ಕೈ ಮುಟ್ಟಿದ್ದು, ಕಂಪ್ಲಿಯ ಮನೆಯದು, ನಮ್ಮಿಬ್ಬರ ಎಳೆತನದ್ದು, ಏನಾದರೊಂದು. ನನಗೂ ಆ ಹೊತ್ತಿಗೆ ಆಸೆ ಹತ್ತಿತ್ತು. ಬೆರಳು ನೋಯುತ್ತಿದ್ದರೂ ಬಿಡಲಿಲ್ಲ.

ಎಲ್ಲ ಮುಗಿದಾಗ ಮೇಜಿನ ಮೇಲೆ ಒಂದು ಗುಪ್ಪೆ ಮಣ್ಣಿನಂಥದು ಇತ್ತು. ನದಿಯ ವಾಸನೆ ಬರುತ್ತಿತ್ತು ಎಂದರೆ ಕಥೆ ಕಟ್ಟಿದಂತಾಗುತ್ತದೆ. ಹಳೇ ಕಾಗದದ ವಾಸನೆ ಬರುತ್ತಿತ್ತು, ಅಷ್ಟೇ. ಚನ್ನ ಅದರ ಮೇಲೆ ಅಂಗೈ ಇಟ್ಟ. ಬಾಯಿ ಎಂದಿನಂತೆ ತಿಣುಕಿತು. ತಡಿ ಎನ್ನುತ್ತಾನೆ ಎಂದುಕೊಂಡೆ.

"ಸಾಕು," ಎಂದ.

ನಾನು ಎಷ್ಟೋ ದಿನದಿಂದ ಅವನ ಬಾಯಿಂದ ಒಂದು ಹೊಸ ಮಾತಿಗಾಗಿ ಕಾದವಳು. ಚಹಾ ಎನ್ನಲಿ, ಅಕ್ಕ ಎನ್ನಲಿ, ಬೈಯಲಿ ಎಂದು ಕಾದಿದ್ದೆ. ಬಂದದ್ದು ಇದು. ನೆಸ್ಟರನಿಗೆ ಮಾತಿನ ಅರ್ಥ ಗೊತ್ತಿಲ್ಲ, ಹೊಸ ಮಾತೆಂಬುದು ಮಾತ್ರ ಗೊತ್ತಾಯಿತು. ಮುಖ ಅರಳಿಸಿ, "ಏನೆಂದ ಆತೆ, ಏನೆಂದ?" ಎಂದು ಕೇಳಿದ. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವನು ತಲೆ ತಗ್ಗಿಸಿ ಆ ಪುಡಿಯನ್ನು ಒಂದು ಕಾಗದದ ಪೊಟ್ಟಣಕ್ಕೆ ತುಂಬತೊಡಗಿದ. ಅವತ್ತು ಪುಸ್ತಕಕ್ಕಾಗಲಿ ದಿನಕ್ಕಾಗಲಿ ಅವನು ಅಂಕ ಕೊಡಲಿಲ್ಲ.

ಮತ್ರಾ

ಹೊರಡುವ ಹಿಂದಿನ ದಿನ ಮತ್ರಾದ ಬಂದರಿನ ದಂಡೆಗೆ ಹೋದೆವು. ಚನ್ನ ನನಗೆ ತೋರಿಸಬೇಕೆಂದಿದ್ದ ಸಮುದ್ರ ಅದು. ಬಹಳ ಶಾಂತವಾಗಿತ್ತು, ನಮ್ಮ ಡ್ಯಾಂನ ಹಿನ್ನೀರಿನಂತೆ. ಸಮುದ್ರವೆಂದರೆ ಅಬ್ಬರಿಸುತ್ತದೆ ಎಂದುಕೊಂಡಿದ್ದೆ. "ಚಲೋ ಐತಿ," ಅಂದೆ ಅವನಿಗೆ. ಅವನು ನನ್ನ ಮುಖ ನೋಡಿದ, ನೀರು ನೋಡಲಿಲ್ಲ.

ಸಂಜೆ ಚನ್ನ ರಿಪೇರಿಯಾದ ಪುಸ್ತಕಗಳನ್ನೆಲ್ಲ ಮಂಚದ ಮೇಲೆ ಹರಡಿಸಿಕೊಂಡು ಎಡಗೈಯಿಂದ ಎರಡು ಪಾಲು ಮಾಡಿದ. ಒಂದನ್ನು ನನ್ನ ಕಡೆ ತಳ್ಳಿದ, ಇನ್ನೊಂದನ್ನು ನೆಸ್ಟರನ ಕಡೆ. ಕುದುರೆಯ ಪುಸ್ತಕ ನೆಸ್ಟರನ ಪಾಲಿಗೆ ಹೋಯಿತು. ನನಗೆ ಒಳಗೆ ಚುರ್ ಎಂದಿತು. ಅದರ ನಡುವಿನ ಹಾಳೆಗಳು ನನ್ನವಲ್ಲವೇ. ಆದರೆ ಕನ್ನಡದ ಒಂದಕ್ಷರವೂ ಓದಲಾರದ ಆ ಮನುಷ್ಯ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ ರೀತಿ ನೋಡಿ ಸುಮ್ಮನಾದೆ.

ವಿಮಾನ ನಿಲ್ದಾಣದಲ್ಲಿ ಅವನು ಗಾಲಿಕುರ್ಚಿಯ ಹಿಡಿಕೆಯನ್ನು ನನ್ನ ಕೈಗೆ ಕೊಟ್ಟು, ಚನ್ನನ ಅಂಗಿಯ ಕಾಲರ್ ಸರಿಮಾಡಿ, ಹಿಂತಿರುಗಿ ನೋಡದೆ ಹೋದ. ನಮ್ಮಲ್ಲಿಯಾದರೆ ಬಸ್ಸು ಕಣ್ಮರೆಯಾಗುವವರೆಗೂ ನಿಂತಿರುತ್ತೇವೆ.

ಚಿತ್ತವಾಡ್ಗಿ

ಚನ್ನ ನಮ್ಮ ಮನೆಯ ಮುಂಗೋಣೆಯಲ್ಲಿ ಉಳಿದ. ನಮ್ಮ ಯಜಮಾನರು ಅವನ ಮಂಚದ ಎದುರು ಕುರ್ಚಿ ಹಾಕಿಕೊಂಡು ಪೇಪರು ಓದಿ ಹೇಳುತ್ತಿದ್ದರು. "ಇಬ್ಬರೂ ಕಾಲಿಲ್ಲದವ್ರು, ಜೋಡಿ ಭಾರಿ ಚಲೋ ಆತು ನೋಡಪ," ಎನ್ನುತ್ತಿದ್ದರು. ಒಮ್ಮೆ ಕಾರು ಮಾಡಿಕೊಂಡು ಕಂಪ್ಲಿಗೆ ಕರೆದೊಯ್ದೆವು. ನಮ್ಮ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಒಳಗೆ ಬರ್ರಿ, ಕುಂದ್ರಿ ಎಂದು ಅವರು ಕರೆದರೂ ಚನ್ನ ಕಾರಿನಿಂದ ಇಳಿಯಲಿಲ್ಲ. ಮಾಳಿಗೆಯ ಕಡೆ ಒಮ್ಮೆ ನೋಡಿದ, ಸಾಕು ಎಂದ. ತಡಿ, ಸಾಕು. ಈ ಎರಡಕ್ಕೆ ಮೂರನೆಯದು ಸೇರಲಿಲ್ಲ.

ಅವನ ಮುಖ ಬೆಳಗುತ್ತಿದ್ದದ್ದು ಶುಕ್ರವಾರ. ಅವತ್ತು ನೆಸ್ಟರನಿಗೆ ರಜೆ, ಮಧ್ಯಾಹ್ನ ವಿಡಿಯೊ ಕರೆ ಮಾಡುತ್ತಿದ್ದ. ಒಬ್ಬನಿಗೆ ಮಾತಿಲ್ಲ, ಇನ್ನೊಬ್ಬನಿಗೆ ಭಾಷೆಯಿಲ್ಲ. ತನ್ನ ಪಾಲಿನ ಯಾವುದಾದರೊಂದು ಪುಟವನ್ನು ನೆಸ್ಟರ್ ಫೋನಿಗೆ ಹಿಡಿಯುತ್ತಿದ್ದ. ಚನ್ನ ದಿಟ್ಟಿಸಿ ನೋಡಿ ಎಡಗೈಯ ಬೆರಳೆತ್ತಿ ಅಂಕ ಕೊಡುತ್ತಿದ್ದ. ಐದಕ್ಕಿಂತ ಹೆಚ್ಚಾದರೆ ಮುಷ್ಟಿ ಮುಚ್ಚಿ ಮತ್ತೆ ತೆರೆಯುತ್ತಿದ್ದ. ಒಮ್ಮೊಮ್ಮೆ ಜಗಳವೂ ಆಗುತ್ತಿತ್ತು. ಚನ್ನ ತಡಿ, ತಡಿ ಎನ್ನುವುದು ಅಡುಗೆಮನೆಗೂ ಕೇಳಿಸುತ್ತಿತ್ತು.

ಮಳೆ ಹಿಂದಾದ ಮೇಲೆ ಒಂದು ಬೆಳಿಗ್ಗೆ ನಾನು ಚಹಾ ಒಯ್ದಾಗ ಚನ್ನ ಏಳಲಿಲ್ಲ. ನಿದ್ದೆಯಲ್ಲೇ ಎರಡನೆ ಸಲ ಲಕ್ವ ಹೊಡೆದಿತ್ತು. ಕಂಪ್ಲಿಯಲ್ಲಿ ಅಪ್ಪ ಅವ್ವನ ಪಕ್ಕದಲ್ಲಿ ಮಣ್ಣು ಮಾಡಿ ಬಂದೆವು. ಮರುದಿನ, ಬಂದಿದ್ದ ನೆಂಟರೆಲ್ಲ ಹೋದ ಮೇಲೆ ಯಜಮಾನರು ದಣಿದು ಮಲಗಿದ್ದರು. ನಾನು ಮುಂಗೋಣೆಯಲ್ಲಿ ಕೂತಿದ್ದೆ. ಫೋನ್ ಬಂತು. ಅವತ್ತು ಶುಕ್ರವಾರವೆಂಬುದು ನನಗೆ ನೆನಪಿರಲಿಲ್ಲ.

ತೆರೆಯ ತುಂಬ ಒಂದು ಚಿತ್ರದ ಪುಟ. ಅದರ ಹಿಂದಿನಿಂದ ನೆಸ್ಟರ್ ಕಾಯುತ್ತಿದ್ದ, ಬೆರಳು ಏಳಲೆಂದು.  ಫೋನನ್ನು ಮಂಚದ ಕಡೆ ತಿರುಗಿಸಿದೆ. ಹಾಸಿಗೆ ಸುತ್ತಿಟ್ಟಿದ್ದೆವು.

ಪುಟ ನಿಧಾನವಾಗಿ ಕೆಳಗಿಳಿಯಿತು. ಅವನು ಖಾಲಿ ಮಂಚವನ್ನು ನೋಡಿದ. ಯಾವಾಗ ಎಂದು ಕೇಳಿದ. ನಿನ್ನೆ ಎಂದೆ. ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ, ಮತ್ತೆ ತೆಗೆದ. 

"ನೀವು ಊಟ ಮಾಡಿದಿರಾ?" ಎಂದು ಕೇಳಿದ.

ಇಲ್ಲ ಎಂದೆ. ನಿನ್ನೆಯಿಂದಲೂ ಇಲ್ಲ ಎಂದೆ. ಅದನ್ನು ನನಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ನಾನೂ ಗಮನಿಸಿರಲಿಲ್ಲ.

"ಹೋಗಿ ಬಡಿಸಿಕೊಂಡು ಬನ್ನಿ," ಎಂದ. "ನಾನು ಇಲ್ಲೇ ಕೂತಿರುತ್ತೇನೆ."

ಅವನು ತನ್ನ ಫೋನನ್ನು ಮೇಜಿನ ಮೇಲೆ ಏನಕ್ಕೋ ಒರಗಿಸಿ ನಿಲ್ಲಿಸಿ, ಕುರ್ಚಿ ಎಳೆದುಕೊಂಡು ಎದುರಿಗೆ ಕೂತ. ನಾನು ಒಳಗೆ ಹೋದೆ. ಮೆಟ್ರಿ ಊರಿನ ನೆಂಟರು ತಂದಿಟ್ಟಿದ್ದ ಅನ್ನ ಸಾರು ಇತ್ತು. ತಟ್ಟೆಗೆ ಹಾಕಿಕೊಂಡು ಬಂದು ನನ್ನ ಫೋನನ್ನೂ ಚೊಂಬಿಗೆ ಒರಗಿಸಿ ನೆಲದ ಮೇಲೆ ಕೂತು ಉಂಡೆ. ಕೊನೆಯ ತುತ್ತು ಮುಗಿಯುವವರೆಗೂ ಅವನು ಎದುರಿಗೆ ಕೂತಿದ್ದ.